ಎರಡು ಮದ್ದು, ಒಂದೇ ಅಳತೆ

ನಮ್ಮ ಮನೆಯಲ್ಲಿ ಬಂದೂಕಿದೆ ಎಂದು ಗೊತ್ತಾದರೆ ಹೊಸಬರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಭಾರೀ ಧೈರ್ಯದ ಹೆಂಗಸಿರಬೇಕು ಎಂದುಕೊಳ್ಳುತ್ತಾರೇನೋ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬುಸುಗುಡತೊಡಗಿದರೆ ಸಾಕು, ಅಡುಗೆಮನೆ ಬಿಟ್ಟು ಬಾಗಿಲಾಚೆ ನಿಲ್ಲುವವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಗೋಡೆಯ ಗೂಟಕ್ಕೆ ತೂಗುತ್ತಿದ್ದ ಆ ಉದ್ದನೆಯ ವಸ್ತುವಿಗೆ ಬೆನ್ನು ಮಾಡಿ ಮಲಗಲೂ ಭಯ, ಮುಖ ಮಾಡಿ ಮಲಗಲೂ ಭಯ. ಮಕ್ಕಳ ಮದುವೆಯಾಗಿ ಮೊಮ್ಮಕ್ಕಳು ಬಂದರೂ ಅದಕ್ಕೂ ನನಗೂ ಇನ್ನೂ ಹೊಂದಾಣಿಕೆಯಾಗಿಲ್ಲ.

ಅದು ಬೆಳೆ ಕಾಯಲೆಂದು ಲೈಸೆನ್ಸ್ ಕೊಟ್ಟ ನಾಡಬಂದೂಕು. ನಮ್ಮ ಮಾವನವರದು, ಅವರ ನಂತರ ನಮ್ಮ ಯಜಮಾನರ ಹೆಸರಿಗೆ ಬಂತು. ನಮ್ಮ ಹೊಲ ಮತ್ತು ಮನೆ ಎರಡೂ ಹೇಮಗುಡ್ಡದ ಕಡೆ, ಬಂಡೆಗಳ ಬುಡದಲ್ಲಿವೆ. ಕಾಲುವೆಯ ನೀರು ಕೆಳಗೇ ನಿಂತುಬಿಟ್ಟಿದೆ, ನಮ್ಮವರೆಗೆ ಹತ್ತಲಿಲ್ಲ. ಬಂಡೆಯಿಂದ ಇಳಿದು ಬರುವುದೆಂದರೆ ಕರಡಿ ಮತ್ತು ಹಂದಿ. ಶೇಂಗಾ ಬಿತ್ತಿದ ಹೊಸದರಲ್ಲಿ ಹಂದಿಗಳು ಸಾಲು ಹಿಡಿದು, ಬಿತ್ತಿದವರಿಗಿಂತ ಅಚ್ಚುಕಟ್ಟಾಗಿ ಬೀಜ ಕೆದಕಿ ತಿನ್ನುತ್ತವೆ. ಅವನ್ನು ಕೊಲ್ಲುವ ಮನಸ್ಸು ಯಜಮಾನರಿಗೆ ಎಂದೂ ಇರಲಿಲ್ಲ. ಗುಂಡು ಹಾಕದೆ ಬರೀ ಮದ್ದು ತುಂಬಿ ಆಕಾಶಕ್ಕೆ ಹೊಡೆದರೆ ಆ ಸಪ್ಪಳಕ್ಕೆ ಹಂದಿಗಳು ಓಡುತ್ತವೆ, ನಾನು ಮನೆಯೊಳಗೆ ಕಿವಿ ಮುಚ್ಚಿಕೊಂಡು ಕೂರುತ್ತೇನೆ.

ತುಂಬುವ ಕ್ರಮ ನೋಡಿ ನೋಡಿ ನನಗೂ ಬಾಯಿಪಾಠವಾಗಿದೆ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರಿನ ಉಂಡೆ ತುರುಕಬೇಕು, ಉದ್ದನೆಯ ಕಬ್ಬಿಣದ ಸರಳಿನಿಂದ ಜಡಿಯಬೇಕು. ಕೊನೆಗೆ ಹಿಂಬದಿಯಲ್ಲಿ, ಕುದುರೆ ಎಂದು ಕರೆಯುವ ಬಡಿಯುವ ಕೊಕ್ಕೆಯ ಕೆಳಗೆ, ಕಿಡಿ ಕೊಡುವ ಸಣ್ಣ ಕೇಪು ಸಿಕ್ಕಿಸಿದರೆ ಬಂದೂಕು ತಯಾರು. ಮದ್ದು ಅಳೆಯಲು ಮಾವನವರು ಕೊಯ್ದಿಟ್ಟ ಬಿದಿರಿನ ಕೊಳವೆಯೊಂದಿದೆ. ಅದು ತುಂಬಿದರೆ ಒಂದು ಹೊಡೆತ. ಯಜಮಾನರಿಗೆ ಆ ಕೊಳವೆ ಎಂದರೆ ದೇವರ ಪೆಟ್ಟಿಗೆಯಲ್ಲಿಡುವಷ್ಟು ನಂಬಿಕೆ.

ಚುನಾವಣೆ ಬಂತೆಂದರೆ ಇಂಥ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಆ ದಿನಗಳಲ್ಲಿ ನನಗೆ ನಿದ್ದೆ ಛಲೋ ಬರುತ್ತದೆ. ಯಾರು ಗೆದ್ದರು, ಯಾರು ಸೋತರು ಎನ್ನುವುದಕ್ಕಿಂತ ಇನ್ನಷ್ಟು ದಿನ ಎಣಿಕೆ ನಡೆಯಲಿ ಎಂದು ಬೇಡಿಕೊಳ್ಳುವ ಮತದಾರಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಕಳೆದ ಚುನಾವಣೆಗೂ ಬೇಸಿಗೆ ಶುರುವಿನಲ್ಲೇ ಯಜಮಾನರು ಅದನ್ನು ಗಂಗಾವತಿಗೆ ಒಯ್ದು ಕೊಟ್ಟು ಬಂದಿದ್ದರು. ಎಲ್ಲ ಮುಗಿದು, ಮಳೆ ಬಿದ್ದು, ಶೇಂಗಾ ಬಿತ್ತಿದ ಮೇಲೆ ವಾಪಸ್ ತರಲು ಹೊರಟರು. ಬೈಕಿನ ಮೇಲೆ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ, ಅದಕ್ಕೆ ನಾನು.

ಬಂದೂಕು ಬಿಡಿಸಿಕೊಂಡು, ಪೇಟೆಯಲ್ಲಿ ಮದ್ದು ಮಾರುವ ಸಾಹೇಬರ ಅಂಗಡಿಗೆ ಹೋದೆವು. ಅವರು ಪೊಟ್ಟಣ ಕೊಡುತ್ತಾ ಹೇಳಿದರು.

“ಮೊದಲಿನ ನಮೂನಿ ಈಗ ಬರವಲ್ದ್ರಿ ಕಾಕಾ. ಇದು ಸಣ್ಣಂದು, ಭಾಳ ಜೋರ್ ಐತಿ. ನೋಡ್ಕೊಂಡು ಹಾಕ್ರಿ.”

ಯಜಮಾನರಿಗೆ ‘ಜೋರ್ ಐತಿ’ ಎಂಬುದು ಮಾತ್ರ ಕೇಳಿಸಿತು. ಹೊಸ ಎತ್ತು ಕೊಂಡವರ ಹಾಗೆ ಹಿಗ್ಗಿದರು. ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿ ನಮ್ಮಿಬ್ಬರ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಊರ ದಾರಿ ಹಿಡಿದೆವು. ಅದರ ಬಾಯಿ ಸರಿಯಾಗಿ ನನ್ನ ಗದ್ದದ ಕೆಳಗೆ ಬರುತ್ತಿತ್ತು. ರಸ್ತೆಯ ಉಬ್ಬು ಬಂದಾಗಲೆಲ್ಲ ಗದ್ದಕ್ಕೆ ಕುಟ್ಟುತ್ತಿತ್ತು. ಕೊನೆಗೆ ಸಾಕಾಗಿ, ಗದ್ದವನ್ನು ಅದರ ಮೇಲೇ ಊರಿಕೊಂಡು ಕುಳಿತೆ. ಖಾಲಿ ಕಬ್ಬಿಣಕ್ಕೆ ಯಾಕೆ ಹೆದರಬೇಕು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ಅಂಗಳದಲ್ಲಿ ಸಾಮಾನು ಹರಡಿಕೊಂಡು ಕೂತರು. ಹಳೆಯ ಡಬ್ಬಿಯ ತಳದಲ್ಲಿ ಮೊದಲಿನ ಮದ್ದು ಒಂದಿಷ್ಟು ಉಳಿದಿತ್ತು. ಅದರ ಪಕ್ಕದಲ್ಲಿ ಹೊಸ ಪೊಟ್ಟಣ ಬಿಚ್ಚಿದಾಗ ನಾನು ಬಗ್ಗಿ ನೋಡಿದೆ. ಹಳೆಯದು ಜೋಳದ ನುಚ್ಚಿನ ಹಾಗೆ ತರಿತರಿ, ಹೊಸದು ಸಣ್ಣ ರವೆಯಷ್ಟು ನಯ. ಅವರು ಮಾತ್ರ ಅದೇ ಬಿದಿರಿನ ಕೊಳವೆ ಒರೆಸುತ್ತಿದ್ದರು.

“ಏನ್ರಿ, ನುಚ್ಚಿಗೂ ರವಾಕ್ಕೂ ಒಂದ ಅಳತಿ ನೀರು ಹಾಕ್ತಾರೇನ್ರಿ?” ಎಂದೆ.

“ಇದು ಉಪ್ಪಿಟ್ಟು ಅಲ್ಲ. ನಮ್ಮಪ್ಪ ಮಾಡಿದ ಅಳತಿ ಐತಿ. ಸುಮ್ನ ಕೂಡು.”

“ನಿಮ್ಮಪ್ಪ ಈ ಮದ್ದು ನೋಡಿದ್ರೇನು? ಅಂಗಡಿ ಸಾಹೇಬ್ರು ನೋಡ್ಕೊಂಡು ಹಾಕ್ರಿ ಅಂದಿಲ್ಲೇನು?”

“ನೀ ಎಲ್ಲಾದಕ್ಕೂ ಅಂಜ್ತೀ. ನಿನ್ನ ಮಾತು ಕೇಳಿದ್ರ ನಾ ಬೆಂಕಿಪೆಟಗೀನೂ ಮುಟ್ಟಬಾರದು.”

ನಮ್ಮವರ ಸ್ವಭಾವವೇ ಅಷ್ಟು. ಸೂರ್ಯ ಮೂಡಿದ ಎಂದರೂ ಎದ್ದು ಹೋಗಿ ನೋಡಿ ಬಂದು, ಇನ್ನೂ ಪೂರ್ತಿ ಮೂಡಿಲ್ಲ ಎನ್ನುವವರು. ಆದರೆ ಅವತ್ತು ನಾನೂ ಬಿಡಲಿಲ್ಲ. ಮದ್ದಿನ ಜೋರು ಹೆಚ್ಚಾಗಿ ನಳಿಗೆ ಸೀಳಿದರೆ ಮೊದಲು ಹೋಗುವುದು ಎಡಗೈ, ಆಮೇಲೆ ಕಣ್ಣು. ಅದು ಅವರ ಕೈ, ಅವರ ಕಣ್ಣು. ಎರಡೂ ಮದ್ದನ್ನು ಕಣ್ಣೆದುರು ಸುಟ್ಟು ತೋರಿಸಿ, ಆಮೇಲೆ ಬೇಕಾದ್ದು ತುಂಬಿರಿ ಎಂದು ಕೊಳವೆ ಕಿತ್ತುಕೊಂಡೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವರು ಗೊಣಗುತ್ತಲೇ ಎರಡು ಗೆರೆ ಎಳೆದರು, ಒಂದು ಹಳೆಯದರದು, ಒಂದು ಹೊಸದರದು. ಉದ್ದನೆಯ ಕೋಲಿನ ತುದಿಗೆ ಊದಿನಕಡ್ಡಿ ಕಟ್ಟಿ ಮುಟ್ಟಿಸಿದರು. ಹಳೆಯ ಮದ್ದು ಸುರ್ರೆಂದು ಹೊಗೆಯಾಡುತ್ತಾ ಗೆರೆಯ ಉದ್ದಕ್ಕೂ ಹರಿದು ಹೋಯಿತು. ಬೆಂಕಿ ಎಲ್ಲಿಗೆ ಬಂತೆಂದು ಕಣ್ಣಲ್ಲಿ ಹಿಂಬಾಲಿಸಬಹುದಿತ್ತು. ಹೊಸದಕ್ಕೆ ಕಡ್ಡಿ ಮುಟ್ಟಿಸಿದ್ದಷ್ಟೇ ಗೊತ್ತು. ಭಗ್ಗೆಂದು ಒಂದೇ ಬೆಳಕು, ಗೆರೆಯೇ ಇಲ್ಲ. ಬಗ್ಗಿ ನೋಡುತ್ತಿದ್ದ ಯಜಮಾನರ ಮುಂಗೈ ಕೂದಲು ಸುಟ್ಟ ವಾಸನೆ ಬಂತು.

ಅವರು ಕೈ ಉಜ್ಜಿಕೊಂಡು, “ಗೆರಿ ಸ್ವಲ್ಪ ದಪ್ಪಾಗಿತ್ತು,” ಎಂದರು. ಮತ್ತೆ ತೆಳ್ಳಗೆ ಎಳೆದು ನೋಡಿದರು. ಮತ್ತೆ ಹಾಗೇ ಆಯಿತು. ಆಗ ಮಾತ್ರ, “ಆತು ಮಾರಾಯ್ತಿ, ನಿನ್ನ ಸಮಾಧಾನಕ್ಕ ಅಳತಿ ಭಾಳ ಕಡಿಮಿ ಹಾಕ್ತೀನಿ,” ಎಂದು ಸೋತರೂ ಗೆದ್ದವರ ಧಾಟಿಯಲ್ಲಿ ಹೇಳಿದರು. ನಾನು ಕಲ್ಲಿನ ಬದಿಯಲ್ಲೇ ಕೂತೆ.

ತುಂಬುವ ಮುನ್ನ ನಳಿಗೆ ಒರೆಸಬೇಕೆಂದು ಸರಳಿಗೆ ಬಟ್ಟೆಯ ತುಂಡು ಸುತ್ತಿ ಒಳಗೆ ಇಳಿಸಿದರು. ನಳಿಗೆ ಖಾಲಿಯಿದ್ದರೆ ಸರಳು ಪೂರ್ತಿ ಕೆಳಗಿಳಿದು, ಅದರ ಮೇಲೆ ಕೊರೆದ ಗೀಟು ಬಾಯಿಗೆ ಸಮವಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಗೀಟು ನಾಲ್ಕು ಬೆರಳು ಮೇಲೇ ಉಳಿಯಿತು.

“ಠಾಣ್ಯಾಗ ಇಟ್ಟಲ್ಲಿ ಕಣಜದ ಹುಳ ಗೂಡು ಕಟ್ಟಿರಬೇಕು,” ಎನ್ನುತ್ತಾ ಸರಳು ತೆಗೆದು, ಬಂದೂಕನ್ನು ಬೆಳಕಿಗೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ನಳಿಗೆಯ ಬಾಯಿಗೆ ಇನ್ನೊಂದು ಕಣ್ಣು ಇಟ್ಟರು.

ನಾನು ಹೇಗೆ ಎದ್ದೆನೋ ತಿಳಿಯದು. ಅವರ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದೆ. ಗುಂಡಿಗಳು ಕಿತ್ತುಬಂದವು. “ಅದು ಗೂಡಲ್ರೀ! ತುಂಬಿದ್ದೈತಿ!” ಎಂದು ಚೀರಿದೆ. ಹಾಗೆ ಚೀರುತ್ತಿರುವಾಗಲೇ ಬೈಕಿನ ಮೇಲೆ ನನ್ನ ಗದ್ದ ಎಲ್ಲಿ ಊರಿತ್ತು ಎಂಬುದು ನೆನಪಾಗಿ ಮೈಯೆಲ್ಲ ತಣ್ಣಗಾಯಿತು. ಕೇಪು ಇರಲಿಲ್ಲ, ಹಾಗೆಲ್ಲ ಹಾರುವುದಿಲ್ಲ ಎಂದು ಆಮೇಲೆ ಎಷ್ಟು ಸಲ ಹೇಳಿಕೊಂಡರೂ ಆ ಚಳಿ ಇಳಿಯಲಿಲ್ಲ. ಅದರ ಮೇಲೆ ಈ ಹೊಸ ಮದ್ದನ್ನೂ ಸುರಿದು ಜಡಿದಿದ್ದರೆ ನಮ್ಮವರನ್ನು ಅಂಗಳದಿಂದ ಆಯ್ದು ತರಬೇಕಾಗುತ್ತಿತ್ತು.

ಬಂದೂಕಿನ ಬಾಯಿ ಬಂಡೆಯ ಕಡೆ ಮಾಡಿ, ತಿರುಪುಳ್ಳ ಇನ್ನೊಂದು ಸರಳಿನಿಂದ ಅವರು ಒಳಗಿನದನ್ನು ಮೆಲ್ಲಗೆ ಎಳೆದರು. ನೀರು ಹಾಕಿ ಮದ್ದು ತೋಯಿಸಿರೆಂದು ನಾನು, ನಳಿಗೆ ತುಕ್ಕು ಹಿಡಿಯುತ್ತದೆಂದು ಅವರು. ಪ್ರತಿ ತಿರುವಿಗೂ ನಾನು ಹುಲಿಗೆಮ್ಮನನ್ನು ಕೂಗಿದೆ. ನಾರಿನ ಉಂಡೆ ಹೊರಬಂತು. ಬಂದೂಕನ್ನು ಕಲ್ಲಿನ ಮೇಲೆ ಬೋರಲು ಮಾಡಿದಾಗ ಕರಿ ಮದ್ದು ಸುರಿಯಿತು.

“ನೋಡ್ದೇನು? ಅಲ್ಲೇ ಯಾರೋ ತುಂಬ್ಯಾರ,” ಎಂದರು ಸಿಟ್ಟಿನಿಂದ. “ನಾ ಖಾಲಿ ಮಾಡಿ ಕೊಟ್ಟೀನಿ. ಖಾಲಿ ಐತೇನು ಅಂತ ಪೊಲೀಸ್ನಾವ ಕೇಳಿದ, ಹೌದು ಅಂದೀನಿ. ನಾಳಿಗೆ ಹೋಗಿ ಒಬ್ಬೊಬ್ಬರನ್ನ ಕೇಳ್ತೀನಿ.”

ನಾನು ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಹೊರಳಿಸಿದೆ. ತರಿತರಿ. ಅದನ್ನು ಕಲ್ಲಿನ ಮೇಲೆ ಗೆರೆಯಾಗಿ ಉದುರಿಸಿ, ಕೋಲು ಅವರ ಕೈಗೆ ಕೊಟ್ಟೆ. ಬೆಂಕಿ ಸುರ್ರೆಂದು ಹೊಗೆಯಾಡುತ್ತಾ ನಿಧಾನಕ್ಕೆ ಹರಿಯಿತು, ಆಗ ನಮ್ಮ ಡಬ್ಬಿಯದು ಹರಿದಂತೆಯೇ. ಮಾವನವರ ಕಾಲದಿಂದ ಆ ಡಬ್ಬಿಯ ಮದ್ದನ್ನು ಯಜಮಾನರ ಹೊರತು ಯಾರೂ ಮುಟ್ಟಿದವರಿಲ್ಲ. ನಾರೂ ನಮ್ಮ ಮನೆಯದೇ, ನಾನು ಪಾತ್ರೆ ತಿಕ್ಕುವ ನಾರು.

ಯಜಮಾನರು ಕಲ್ಲಿನ ಮೇಲಿನ ಕಪ್ಪು ಕಲೆಯನ್ನು ಬೆರಳಿಂದ ಉಜ್ಜಿ ನೋಡಿದರು. “ಠಾಣೆಗೆ ಒಯ್ಯೂ ದಿನ ಮುಂಜಾನಿ ಖಾಲಿ ಮಾಡಾಕ ಹೊಡದಿದ್ದೆ ನಾನು. ಆ ಬಂಡಿಗಲ್ಲ ಕಡೆ ಮುಖಾ ಮಾಡಿ,” ಎಂದರು. “ಸಪ್ಪಳ ಇನ್ನೂ ಕಿವ್ಯಾಗ ಐತಿ. ನೀನೂ ಕೇಳಿದ್ದೆಲ್ಲ?”

ನಾನು ಕೇಳಿರಲಿಲ್ಲ. ಆ ಸಪ್ಪಳವಾದರೆ ನನಗೆ ಗೊತ್ತಾಗದೇ ಇರುತ್ತದೆಯೇ? ಕುಕ್ಕರಿಗೇ ಹೊರಗೋಡುವವಳು ನಾನು. ಆ ಮುಂಜಾನೆ ಅವರು ಚಹಾ ಕುಡಿದು ಬಂದೂಕು ಹೊತ್ತು ಸುಮ್ಮನೆ ಹೋಗಿದ್ದರು. ಮರೆತೆ ಎಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆಗದೇ ಇದ್ದದ್ದನ್ನು ಅವರು ಸಪ್ಪಳ ಸಮೇತ ನೆನಪಿಟ್ಟುಕೊಂಡಿದ್ದರು. ಮದ್ದು, ನಳಿಗೆ, ಕರಡಿ ಯಾವುದಕ್ಕೂ ನಾನು ಹಾಗೆ ಹೆದರಿದ್ದಿಲ್ಲ.

“ಇಲ್ರಿ, ಕೇಳಿಲ್ಲ,” ಎಂದೆ. “ಇದನ್ನ ಠಾಣೆಗೆ ಕೊಟ್ಟುಬಿಡೂಣ್ರಿ. ಲೈಸೆನ್ಸೂ ಬ್ಯಾಡ.”

ದೊಡ್ಡ ಜಗಳಕ್ಕೆ ಸೆರಗು ಬಿಗಿದು ನಿಂತಿದ್ದೆ. ಹಂದಿಗೆ ಏನು ಮಾಡೋಣ ಎಂದರೆ ತಗಡಿನ ಡಬ್ಬಿ ಬಡಿಯೋಣ ಎನ್ನಬೇಕು, ಅಪ್ಪನ ಬಂದೂಕು ಎಂದರೆ ಅಪ್ಪನ ಮಗನೇ ನನಗೆ ಮುಖ್ಯ ಎನ್ನಬೇಕು ಎಂದು ಉತ್ತರಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಅವರು ಒಂದನ್ನೂ ಕೇಳಲಿಲ್ಲ. ಬಂದೂಕನ್ನು ಅದೇ ಕೌದಿಯಲ್ಲಿ ಸುತ್ತತೊಡಗಿದರು.

“ಆತು. ನಾಳಿಗೇ ಕೊಡೂಣು,” ಎಂದರು. ಗಂಟು ಬಿಗಿಯುತ್ತಾ, ನನ್ನ ಮುಖ ನೋಡದೆ ಹೇಳಿದರು.

“ನೀನೂ ಬಾ. ಕೊಟ್ಟು ಬಂದೀನಿ ಅಂತ ನಾ ಅಂದ್ಕೊಂಡು, ಇದು ಇಲ್ಲೇ ಎಲ್ಲೆರ ಇದ್ದಿರಬಾರದಲ್ಲ.”

ಬರ್ತೀನಿ ಎಂದೆ.