ಹಾಡದೆ ಬಿಟ್ಟ ಸಾಲು

ದಾಂಡೇಲಿಯಲ್ಲಿ ನಾನೇ ಬರೆದ ಹಾಡುಗಳನ್ನು ಹಾಡಿ ವೇದಿಕೆ ಇಳಿಯುತ್ತಿದ್ದಂತೆ ವಯಸ್ಸಾದ ಹೆಂಗಸೊಬ್ಬರು ನನ್ನ ಗಿಟಾರಿನ ಮೇಲೆ ಕೈಯಿಟ್ಟು ತಡೆದರು. ಎಂಬತ್ತರ ದಶಕದ ಮಾತು. ಅವರ ಊರು ಸೂಪಾ, ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಹೋಗಿತ್ತು.

"ತಮ್ಮಾ, ನಮ್ಮ ಗದ್ದಿಗೋಳ ಹೆಸರು ಹಾಡಿನ್ಯಾಗ ಹಾಕು. ಈಗ ಸರಕಾರ ಕೊಟ್ಟ ಹೊಲಕ್ಕ ಬರೇ ನಂಬರ್ ಐತಿ."

ಹುಣಸೆ ಗದ್ದೆ, ನವಿಲು ಗದ್ದೆ, ಅಜ್ಜಿ ಗದ್ದೆ ಎಂದು ಮಕ್ಕಳನ್ನು ಊಟಕ್ಕೆ ಕರೆಯುವಂತೆ ಹೇಳುತ್ತ ಹೋದವರು ನಾಲ್ಕನೆಯದಕ್ಕೆ ಬಂದಾಗ ನಿಲ್ಲಿಸಿಬಿಟ್ಟರು.

"ಅದೊಂದು ಬ್ಯಾಡ. ಅದರ ಬದುವಿನ್ಯಾಗ ನನ್ನ ಮಗಳನ್ನ ಮಣ್ಣು ಮಾಡೇವಿ."

ಆ ಹೆಸರುಗಳಿಂದ ನಾನು ಕಟ್ಟಿದ ಹಾಡಿನಲ್ಲಿ ಇಂದಿಗೂ ಮೂರು ಹೆಸರುಗಳಾದ ಮೇಲೆ ಒಂದು ಸಾಲಿನಷ್ಟು ಹೊತ್ತು ಗಿಟಾರ್ ಮಾತ್ರ ನುಡಿಯುತ್ತದೆ. ನಾನು ಪದ ಮರೆತೆನೆಂದುಕೊಂಡು ಕೇಳುಗರು ನಗುತ್ತಾರೆ.