ಟ್ಯೂಬಿನ ಮೇಲೆ ನೀಲಿ ಗೆರೆ

ನನ್ನ ಹೆಂಡತಿಗೆ ನಾನಿಟ್ಟ ಹೆಸರು ಸಿಐಡಿ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವೂ ಕಂಡಿರುತ್ತೀರಿ. ಇವಳಾದರೋ, ಕಲ್ಲು ಸಿಗದಿದ್ದರೆ ಅದನ್ನು ಯಾರು ಎತ್ತಿಟ್ಟುಕೊಂಡರು ಎಂದು ಕೇಳುವವಳು. ಮನೆಯ ಎಣ್ಣೆ ಬಾಟಲಿಯ ಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದಿಡುತ್ತಾಳೆ. ಸಂಜೆಗೆ ಮಟ್ಟ ಗೆರೆಗಿಂತ ಕೆಳಗಿದ್ದರೆ ವಿಚಾರಣೆ ನನಗೇ. ನಾನು ದರ್ಜಿ, ತಲೆಯಲ್ಲಿ ಕೂದಲಿರುವುದೇ ಅಷ್ಟಕ್ಕಷ್ಟೆ. ಎಣ್ಣೆ ಕದ್ದು ಏನು ಮಾಡಲಿ?

ಅವಳ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ, ಸೊಳ್ಳೆಯಿಂದ ಹರಡುವ ಜ್ವರಗಳ ಪಿಸಿಆರ್ ಪರೀಕ್ಷೆ. ರೋಗಿಯ ರಕ್ತದಲ್ಲಿ ಡೆಂಗಿ ವೈರಸ್ ಇದೆಯೋ, ಚಿಕೂನ್‌ಗುನ್ಯದ್ದಿದೆಯೋ, ಎರಡೂ ಇಲ್ಲವೋ ಎಂದು ನೋಡಿ ಹೇಳಬೇಕು. ಅದಕ್ಕೆ ಬೇಕಾದ ದ್ರಾವಣ ಪುಟ್ಟ ಟ್ಯೂಬುಗಳಲ್ಲಿ ಬರುತ್ತದೆ, ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಇವಳದೊಂದು ಪೆಟ್ಟಿಗೆ, ಪಕ್ಕದ ಮೇಜಿನವಳದೊಂದು. ಆ ಪಕ್ಕದ ಮೇಜಿನವಳಿಗೆ ಇವಳು ಇಟ್ಟ ಹೆಸರು ‘ಬೆಣ್ಣೆ’. ಎಲ್ಲರೊಂದಿಗೂ ನಯವಾಗಿ ಮಾತನಾಡುತ್ತಾಳೆ ಎಂಬುದೇ ಅವಳ ಅಪರಾಧ.

“ನನ್ನ ದ್ರಾವಣ ಬೇಗ ಬೇಗ ಮುಗಿಯತ್ತೆ. ಅವಳದು ಮುಗಿಯೋದೇ ಇಲ್ಲ. ಹೇಗೆ ಹೇಳಿ ನೋಡೋಣ?” ಎಂದು ಊಟಕ್ಕೆ ಕೂತಾಗಲೆಲ್ಲ ಇದೇ ಪಾಠ.

“ನೀನು ಎರಡೆರಡು ಸಲ ಟೆಸ್ಟ್ ಮಾಡ್ತೀಯ, ಅದಕ್ಕೇ ಮುಗಿಯತ್ತೆ,” ಎಂದರೆ, “ನೀವೂ ಅವಳ ಕಡೇನೇ,” ಎಂದು ಸಾರಿನ ಪಾತ್ರೆ ನನ್ನಿಂದ ದೂರ ಸರಿಸುತ್ತಿದ್ದಳು.

ವರ್ಷಕ್ಕೊಮ್ಮೆ ಹೊರಗಿನ ಸಂಸ್ಥೆಯೊಂದು ಇವರ ಲ್ಯಾಬಿಗೇ ಪರೀಕ್ಷೆ ಇಡುತ್ತದೆ. ಬರೀ ನಂಬರು ಬರೆದ ಟ್ಯೂಬುಗಳನ್ನು ಕಳಿಸುತ್ತಾರೆ. ಕೆಲವದರಲ್ಲಿ ವೈರಸ್ಸು ದಂಡಿಯಾಗಿರುತ್ತದೆ, ಕೆಲವದರಲ್ಲಿ ತೀರಾ ಅಲ್ಪ, ಕೆಲವದರಲ್ಲಿ ಏನೂ ಇಲ್ಲ. ಇವರು ಸರಿಯಾದ ಉತ್ತರ ಬರೆದು ಕಳಿಸಬೇಕು. ಆ ದಿನ ಹೊಸ ಪೆಟ್ಟಿಗೆ ಒಡೆಯುತ್ತಾರೆ, ಮುಖ್ಯಸ್ಥರು ಪಕ್ಕದಲ್ಲೇ ನಿಂತಿರುತ್ತಾರೆ. ಈ ವರ್ಷವೂ ಎಲ್ಲ ಉತ್ತರ ಸರಿಯಾಗಿ, ಪ್ರಶಸ್ತಿಪತ್ರ ಗೋಡೆಗೇರಿತು. ಆದರೂ ವಾರ್ಡಿನ ಡಾಕ್ಟರು ಗೊಣಗುತ್ತಲೇ ಇದ್ದರು: ರೋಗಿಯನ್ನು ನೋಡಿದರೆ ಡೆಂಗಿ, ರಿಪೋರ್ಟ್ ನೋಡಿದರೆ ‘ಇಲ್ಲ’.

ಸಿಐಡಿಗೆ ಅಷ್ಟು ಸಾಕಿತ್ತು. “ಬೆಣ್ಣೆ ನನ್ನ ಟ್ಯೂಬಿಂದ ತೆಗೆದು ನೀರು ಬೆರೆಸಿಡ್ತಾಳೆ,” ಎಂದಳು. ಹಿಡಿದೇ ತೀರುತ್ತೇನೆ ಎಂದು ಒಂದು ಬಲೆಯನ್ನೂ ಹೆಣೆದಳು. ಸಂಸ್ಥೆಯವರು ಕಳಿಸಿದ್ದ ಟ್ಯೂಬುಗಳಲ್ಲಿ ಉಳಿದದ್ದನ್ನು ಸುಳ್ಳು ಹೆಸರಿನ ರೋಗಿಗಳ ರಕ್ತ ಎಂಬಂತೆ ಮಾಮೂಲಿ ಟ್ಯೂಬಿಗೆ ಹಾಕಿ, ಎರಡೂ ಮೇಜಿಗೆ ಹಂಚಿದಳು. ಉಪಾಯವೇನೋ ಒಳ್ಳೆಯದೇ.

ಅದೇ ವಾರ ನನ್ನ ತಂಗಿ ಪುಟ್ಟಿಗೆ ಜ್ವರ. ಐದು ತಿಂಗಳ ಬಸುರಿ, ಗಂಡ ದೂರದ ಕೆಲಸದಲ್ಲಿ, ನಮ್ಮ ಮನೆಯಲ್ಲೇ ಇದ್ದಳು. ಅವಳ ರಕ್ತವನ್ನು ನನ್ನ ಹೆಂಡತಿ ಬೇರೆಯವರ ಕೈಗೆ ಕೊಡಲಿಲ್ಲ. ತನ್ನ ಮೇಜಿನಲ್ಲಿ, ತನ್ನ ಪೆಟ್ಟಿಗೆಯ ದ್ರಾವಣದಲ್ಲೇ ಮಾಡಿದಳು. ಡೆಂಗಿ ಇಲ್ಲ ಎಂದು ಬಂತು. ಡಾಕ್ಟರು ಮನೆಗೆ ಕಳಿಸಿದರು. ಮಾರನೆಯ ದಿನ ಜ್ವರವೂ ಇಳಿಯಿತು. ನಾನು ನೆಮ್ಮದಿಯಾಗಿ ಅಂಗಡಿಗೆ ಹೋದೆ. ಹೊಟ್ಟೆ ನೋವು, ವಾಂತಿ ಎಂದು ಪುಟ್ಟಿ ಅಂದಿದ್ದಳು. ಬಸುರಿಗೆ ಇದ್ದದ್ದೇ ಎಂದು ನಾನೇ ಸಮಾಧಾನ ಹೇಳಿದ್ದೆ.

ಅಂದೇ ಬಲೆಯ ಫಲ ಬಂತು. ಇದೆಲ್ಲ ಅವಳೇ ಆಮೇಲೆ ಹೇಳಿದ್ದು. ಬೆಣ್ಣೆಯ ಮೇಜಿನಲ್ಲಿ ಎಲ್ಲವೂ ಸರಿ. ಇವಳ ಮೇಜಿನಲ್ಲಿ ವೈರಸ್ಸು ದಂಡಿಯಾಗಿದ್ದದ್ದು ಸಿಕ್ಕಿತ್ತು, ಅಲ್ಪವಿದ್ದದ್ದೆಲ್ಲ ‘ಇಲ್ಲ’. ಕಳ್ಳಿ ಸಿಕ್ಕಿಬಿದ್ದಳು ಎಂದು ಇವಳು ಮುಖ್ಯಸ್ಥರ ಮುಂದೆ ತನ್ನ ಪೆಟ್ಟಿಗೆ ತಂದಿಟ್ಟಳು.

ಅವರು ಒಂದು ಟ್ಯೂಬನ್ನು ಬೆಳಕಿಗೆ ಹಿಡಿದರು. “ಈ ನೀಲಿ ಗೆರೆ ಏನಮ್ಮ?”

“ಯಾರಾದ್ರೂ ತೆಗೆದ್ರೆ ಗೊತ್ತಾಗ್ಲಿ ಅಂತ, ಸರ್. ಬೆಳಿಗ್ಗೆ ಸಂಜೆ ಮಟ್ಟ ನೋಡ್ತೀನಿ.”

“ಗಟ್ಟಿಯಾಗಿರತ್ತಲ್ಲ, ಮಟ್ಟ ಹೇಗೆ ಕಾಣತ್ತೆ?”

“ಅಂಗೈಯಲ್ಲಿ ಹಿಡಿದು ಕರಗಿಸಿ...” ಎಂದವಳು ಅಲ್ಲಿಗೇ ನಿಂತಳು.

ಕರಗಿಸುವುದು, ಮತ್ತೆ ಗಟ್ಟಿ ಮಾಡುವುದು, ಹೀಗೆ ಪದೇ ಪದೇ ಮಾಡಿದರೆ ಆ ದ್ರಾವಣದ ಸತ್ವವೇ ಸಾಯುತ್ತದೆ. ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ಪೆಟ್ಟಿಗೆಯ ಜೊತೆ ಬರುವ ಮಾದರಿಯಲ್ಲಿ ವೈರಸ್ಸಿನ ಅಂಶ ದಂಡಿಯಾಗಿರುವುದರಿಂದ ಅದು ದಿನವೂ ಸರಿಯಾಗೇ ಬರುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಇವಳಿಗೆ ಈ ನಿಯಮ ತಿಳಿಯದ್ದೇನಲ್ಲ, ಹೊಸಬರಿಗೆ ಕಲಿಸಿದವಳೇ ಇವಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ನನ್ನ ನಾದಿನಿ,” ಎಂದಳಂತೆ. ಅಷ್ಟೇ. ಪುಟ್ಟಿಯ ರಕ್ತದ ಉಳಿಕೆಯನ್ನು ಹುಡುಕಿ ತೆಗೆದು, ಹೊಸ ದ್ರಾವಣದಲ್ಲಿ ಮತ್ತೆ ಪರೀಕ್ಷೆಗೆ ಹಾಕಿದ್ದು ಬೆಣ್ಣೆ. ಯಂತ್ರ ಉತ್ತರ ಕೊಡುವವರೆಗೂ ಇವಳು ಕಾಯಲಿಲ್ಲ, ನನಗೆ ಫೋನ್ ಮಾಡಿದಳು.

“ಪುಟ್ಟೀನ ಈಗಲೇ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ.”

“ಜ್ವರ ಇಳಿದಿದೆ ಕಣೇ.”

“ಡೆಂಗಿ ಆಗಿದ್ರೆ ಇಳಿದ ಮೇಲೇ ರೀ ಅಪಾಯ. ಬನ್ನಿ.”

ಹೊಲಿಯುತ್ತಿದ್ದ ಬಟ್ಟೆ ಹಾಗೇ ಬಿಟ್ಟು ಓಡಿದೆ. ಪುಟ್ಟಿ ಬಚ್ಚಲ ಬಾಗಿಲಲ್ಲಿ ಕೂತಿದ್ದಳು, ಕೈಕಾಲು ತಣ್ಣಗಿತ್ತು, ಒಸಡಿನಲ್ಲಿ ರಕ್ತ. ಎತ್ತಿಕೊಂಡು ಹೋದೆ. ದಾರಿಯುದ್ದಕ್ಕೂ ಹೆಂಡತಿಯನ್ನು ಬಾಯಿಗೆ ಬಂದಂತೆ ಬೈದೆ, ಮನಸ್ಸಿನಲ್ಲಿ. ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದುಕೊಂಡು ನಿಂತವಳು ಅವಳೇ. ಪುಟ್ಟಿಯನ್ನು ಅದರ ಮೇಲೆ ಮಲಗಿಸಿ, ಇನ್ನೊಂದು ತುದಿ ನಾನು ಹಿಡಿದೆ. ಪರೀಕ್ಷೆಯ ಉತ್ತರವೂ ಅಷ್ಟರಲ್ಲಿ ಬಂದಿತ್ತು: ಡೆಂಗಿ.

ಪುಟ್ಟಿ ಉಳಿದಳು. ಮಗುವಿನ ಎದೆಬಡಿತವೂ ಇದೆ ಎಂದು ಡಾಕ್ಟರು ಹೇಳಿದಾಗ ನಾನು ಕಾರಿಡಾರಿನ ಗೋಡೆಗೆ ಒರಗಿ ಅತ್ತೆ. ಇವಳು ಅಳಲಿಲ್ಲ. ತನ್ನ ಮೇಜಿನಿಂದ ‘ಇಲ್ಲ’ ಎಂದು ಹೋದವರನ್ನೆಲ್ಲ ಮರಳಿ ಕರೆಸಲು ಬೆಣ್ಣೆಯ ಜೊತೆ ಕೂತು ಮನೆ ಮನೆಗೂ ಫೋನ್ ಮಾಡುತ್ತಿದ್ದಳು. ಎಲ್ಲರೂ ಫೋನ್ ಎತ್ತಲಿಲ್ಲ.

ಕೆಲವು ದಿನಗಳ ನಂತರ ಪುಟ್ಟಿಯನ್ನು ಮನೆಗೆ ಕಳಿಸುವ ಮುಂಚೆ ಮತ್ತೊಮ್ಮೆ ರಕ್ತ ತೆಗೆದಿದ್ದರು. ರಿಪೋರ್ಟ್ ಹಿಡಿದು ನನ್ನ ಹೆಂಡತಿ ವಾರ್ಡಿಗೆ ಬಂದಳು. “ಎಲ್ಲಾ ಸರಿಯಾಗಿದೆ ಪುಟ್ಟಿ, ಮನೆಗೆ ಹೋಗೋಣ,” ಎಂದಳು.

ಚಿಕ್ಕಂದಿನಿಂದ ಯಾರು ಏನು ಹೇಳಿದರೂ ನಂಬಿಬಿಡುವ ನನ್ನ ತಂಗಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವಳನ್ನೇ ನೋಡಿದಳು.

“ಅತ್ತಿಗೆ, ಇದನ್ನ ನೀವೇ ಮಾಡಿದ್ದಾ?”

“ಇಲ್ಲ. ಅವಳು ಮಾಡಿದ್ದು, ಪಕ್ಕದ ಮೇಜಿನವಳು.”

“ಹಾಗಾದ್ರೆ ಸರಿ,” ಎಂದು ಪುಟ್ಟಿ ಎದ್ದು ಚಪ್ಪಲಿ ಹುಡುಕಿದಳು.