ಅತ್ತೆ ಊರಿಗೆಲ್ಲ ಹೇಳಿದ ಎಣ್ಣೆ

ನಾನು ಐರಣಿಯ ಕುರುಬರ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ರಾಣೆಬೆನ್ನೂರಿನ ಪೇಟೆಯಲ್ಲಿ ಬೆಳೆದ ನನಗೆ ಕುರಿಯ ವಾಸನೆ ರೂಢಿಯಾಗಲು ಒಂದಿಡೀ ಮಳೆಗಾಲ ಬೇಕಾಯಿತು. ಅತ್ತೆಯ ಎಣ್ಣೆಯನ್ನು ಮೊದಲು ಕಂಡದ್ದೂ ಆಗಲೇ. ನದಿದಂಡೆಯ ಕೆಸರಿನಲ್ಲಿ ನಿಂತು ನಿಂತು ಕುರಿಗಳ ಗೊರಸು ಕೊಳೆತು, ಹುಣ್ಣಿಗೆ ಹುಳ ಬೀಳುತ್ತಿತ್ತು. ಅತ್ತೆ ಆ ಕಪ್ಪುಹಸಿರು ಎಣ್ಣೆಯಲ್ಲಿ ಬಟ್ಟೆ ಅದ್ದಿ ಕಟ್ಟಿದರೆ, ಕುಂಟುತ್ತಿದ್ದ ಕುರಿ ಕೆಲವೇ ದಿನಗಳಲ್ಲಿ ಮಂದೆಯ ಜೊತೆ ಓಡುತ್ತಿತ್ತು.

ಕೇಳಿದವರಿಗೆಲ್ಲ ಎಣ್ಣೆ ಸಿಗುತ್ತಿತ್ತು. ಮಾಡುವ ಬಗೆಯನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅದು ಅತ್ತೆಯಿಂದ ಸೊಸೆಗಷ್ಟೇ ದಾಟುವ ವಿದ್ಯೆ. ಹೊರಗೆ ಹೇಳಿದರೆ ಗುಣ ಹೋಗುತ್ತದೆ ಎಂಬ ನಂಬಿಕೆ. ಎರಡನೆಯ ಮಗು ಹುಟ್ಟಿದ ಮೇಲೆ ನನಗೆ ಹೇಳಿಕೊಟ್ಟರು. ಅಂದಿನಿಂದ ಊರಿನಲ್ಲಿ ನನ್ನ ನಡಿಗೆಯೇ ಬೇರೆಯಾಯಿತು.

ತೊಂಬತ್ತೇಳರ ಮಳೆಗಾಲದಲ್ಲಿ ಮನೆಯ ಮುಂದೆ ಒಂದು ಜೀಪು ನಿಂತಿತು. ಔಷಧ ಕಂಪನಿಯೊಂದರ ಮನುಷ್ಯ, ಮಾತು ಮೆತ್ತಗೆ. ಮಜ್ಜಿಗೆ ಕುಡಿದು, ಎಣ್ಣೆಗೆ ಏನೇನು ಹಾಕುತ್ತೀರಿ ಎಂದು ಕೇಳಿದ.

“ಹೊರದೇಶದಾಗ ಇದಕ್ಕ ಪೇಟೆಂಟ್ ತಗೊಂತೀವ್ರಿ. ನಿಮಗ ರೊಕ್ಕ ಕೊಡ್ತೀವಿ, ಆದ್ರ ನೀವು ಇನ್ನ ಮ್ಯಾಲೆ ಬ್ಯಾರೆ ಯಾರಿಗೂ ಹೇಳಬಾರದು.”

“ಪೇಟೆಂಟ್ ಅಂದ್ರ?” ಅತ್ತೆ ಕೇಳಿದರು.

“ಇದು ಕಂಪನೀದು ಅಂತ ಹಕ್ಕು. ನಮ್ಮನ್ನ ಕೇಳದೇ ಯಾರೂ ಮಾಡಿ ಮಾರಂಗಿಲ್ಲ.”

“ನಮ್ಮ ಅತ್ತಿ ಅವರ ಅತ್ತಿ ಕಡಿಂದ ಕಲ್ತದ್ದು. ಅದು ನಿಮ್ಮದು ಹೆಂಗ ಆಗ್ತೈತೋ ಯಪ್ಪಾ?”

ಅವನು ನಕ್ಕ. ವಿಚಾರ ಮಾಡಿರಿ, ಮಳೆ ಮುಗಿದ ಮೇಲೆ ಬರುತ್ತೇನೆ ಎಂದು ಹೋದ.

ಮುಂದಿನ ವಾರ ನಾನು ತವರಿಗೆ ಹೋದಾಗ ಅಪ್ಪನ ಪತ್ರಿಕೆಯಲ್ಲಿ ಅರಿಷಿಣದ ಸುದ್ದಿ ಓದಿದೆ. ಗಾಯಕ್ಕೆ ಅರಿಷಿಣ ಹಚ್ಚುವುದಕ್ಕೇ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರಂತೆ. ಇದು ನಮ್ಮಲ್ಲಿ ಹಿಂದಿನಿಂದಲೂ ಎಲ್ಲರಿಗೂ ಗೊತ್ತಿದ್ದದ್ದು ಎಂದು ನಮ್ಮ ವಿಜ್ಞಾನಿಗಳು ಸಾಕ್ಷಿ ಸಮೇತ ತೋರಿಸಿ ಅದನ್ನು ರದ್ದು ಮಾಡಿಸಿದ್ದರು. ಊರಿಗೆ ಬಂದು ಅತ್ತೆಗೆ ಹೇಳಿದೆ. ಉಣ್ಣೆ ಹಿಂಜುತ್ತಿದ್ದವರು ಕೈ ನಿಲ್ಲಿಸಿದರು.

“ಎಲ್ಲಾರಿಗೂ ಗೊತ್ತಿತ್ತು ಅನ್ನೋದಕ್ಕ ಅರಿಷಿಣ ಉಳೀತು, ಹೌದಿಲ್ಲೋ?”

“ಹೌದ್ರಿ.”

“ಹಂಗಾದ್ರ ನಮ್ಮ ಎಣ್ಣಿಗೆ ಸಾಕ್ಷಿ ಯಾರದಾರ? ನೀ ಒಬ್ಬಾಕಿ, ನಾ ಒಬ್ಬಾಕಿ. ನಾಳೆ ಯಾರರ ನಂದು ಅಂದ್ರ ಯಾರು ಅಲ್ಲ ಅಂತಾರ? ಊರಿಗೆಲ್ಲಾ ಹೇಳಿಬಿಡೋಣು.”

ಸಿಕ್ಕ ಹಿರಿಮೆ ಕೈಬಿಟ್ಟು ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ. “ಹಂಗಾದ್ರ ನನ್ನ ಸೊಸಿಗೆ ನಾ ಏನ್ ಕೊಡ್ಲಿ?” ಎಂದು ಕೇಳಿಯೇಬಿಟ್ಟೆ.

“ಕುಂಟಲಾರದ ಕುರಿ ಕೊಡು,” ಎಂದರು ಅತ್ತೆ.

ಅಮಾವಾಸ್ಯೆಯ ದಿನ ಹೊಳೆದಂಡೆಯಲ್ಲಿ ದೊಡ್ಡ ಬಾಣಲೆ ಇಟ್ಟರು. ಕುರಿ ಮೇಕೆ ಇದ್ದ ಮನೆಯವರೆಲ್ಲ ಬಂದರು. ಬೇವಿನ ಎಣ್ಣೆ ಕಾಯಿಸಿ, ಸೀತಾಫಲದ ಎಲೆ, ಕುಪ್ಪಿಗಿಡದ ಸೊಪ್ಪು, ಹಸಿ ಅರಿಷಿಣ ಒಂದೊಂದನ್ನೂ ಎತ್ತಿ ತೋರಿಸಿ ಹಾಕಿದರು. ಎಲೆಗಳನ್ನು ಎಲ್ಲರ ಕೈಗೂ ಕೊಟ್ಟು ಮೂಸಿಸಿದರು. ಮೇಕೆ ಸಾಕಿದ್ದ ಪಕ್ಕದ ಮನೆಯ ಮುಸ್ಲಿಂ ಅಜ್ಜಿ ಪ್ರತಿ ಮಾತನ್ನೂ ತನ್ನ ಸೊಸೆಗೆ ಉರ್ದುವಿನಲ್ಲಿ ಮತ್ತೆ ಹೇಳುತ್ತಿದ್ದಳು. ಕೊನೆಗೆ ಕೇಳಿದಳು: “ಹೇಳಿದ್ರ ಗುಣ ಹೋಗ್ತೈತಿ ಅಂತಿದ್ರಲ್ಲ ಅಕ್ಕಾ?”

“ಕಟ್ಟಿ ನೋಡೋಣು,” ಎಂದು ಅತ್ತೆ ಆಕೆಯ ಮೇಕೆಯ ಕಾಲನ್ನೇ ಹಿಡಿದರು. ಮಾತಿಗೆ ಹಾಗೆ ಅಂದರೂ ಅವರೂ ಅಂಜಿದ್ದರು. ದಿನಾ ಬೆಳಿಗ್ಗೆ ಹೋಗಿ ಆ ಕಾಲು ನೋಡಿ ಬರುತ್ತಿದ್ದರು. ಹುಣ್ಣು ಒಣಗಿತು. ಆ ಸಂಜೆ ಅಜ್ಜಿ ನಮಗೆ ಶ್ಯಾವಿಗೆ ಪಾಯಸ ಕಳಿಸಿದಳು.

ಮಳೆ ಮುಗಿದ ಮೇಲೆ ಜೀಪು ಬಂತು. ಅತ್ತೆ ಆ ಮನುಷ್ಯನನ್ನು ಕಟ್ಟೆಯ ಮೇಲೆ ಕೂಡ್ರಿಸಿ, “ಯಾರನ್ನ ಬೇಕಾದ್ರೂ ಕೇಳ್ರಿ, ಹೇಳ್ತಾರ,” ಎಂದರು. ಅವನು ಸುತ್ತ ನೆರೆದವರನ್ನು ನೋಡಿದ. “ಇಷ್ಟ ಮಂದಿಗೆ ಗೊತ್ತಿದ್ರ ನಮಗೇನ ಉಳೀತ್ರಿ?” ಎಂದವನೇ ಎದ್ದ. “ನಿಮ್ಮ ಮನ್ಯಾಗ ಕುರಿ ಇದ್ರ ಕಲ್ತು ಹೋಗ್ರಿ,” ಎಂದರು ಅತ್ತೆ, ನಿಜವಾಗಿಯೂ ಅದೇ ಅರ್ಥದಲ್ಲಿ. ಅವನು ಮತ್ತೆ ಬರಲಿಲ್ಲ.

ಒಂದೆರಡು ವರ್ಷಗಳ ನಂತರ ಕಾಗಿನೆಲೆಯ ಬಸ್ ನಿಲ್ದಾಣದಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸೊಬ್ಬಳು, ನಾನು ಕುರಿಯವರ ಮನೆಯವಳೆಂದು ತಿಳಿದು, ಅದೇ ಎಣ್ಣೆ ಮಾಡುವ ಬಗೆಯನ್ನು ನನಗೇ ವಿವರಿಸತೊಡಗಿದಳು. ಆಕೆ ಬೆಳ್ಳುಳ್ಳಿಯನ್ನೂ ಜಜ್ಜಿ ಹಾಕುತ್ತಿದ್ದಳು.

ಮನೆಗೆ ಬಂದು ಹೇಳಿದರೆ ಅತ್ತೆ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು, “ಎಷ್ಟು ಎಸಳು ಅಂದ್ಳು?” ಎಂದು ಕೇಳಿದರು.